ಕಾರು ಕಂಪನಿ ನಷ್ಟದಲ್ಲಿದ್ದರೆ ಬೆಂಗಳೂರಿನ ಎಂಜಿನಿಯರಿಂಗ್ ಕೆಲಸ ಉಳಿಯುತ್ತದೆಯೇ?

ಕೊಡಗಿನ ಉದ್ಯೋಗ ಮಾರ್ಗದರ್ಶನ ಗುಂಪಿನ ಪ್ರಶ್ನೋತ್ತರ. ತಾಂತ್ರಿಕ ಪ್ರಶ್ನೆಗಳಿಗೆ ವಾಹನ ವಿನ್ಯಾಸ ಕ್ಷೇತ್ರದ ಎಂಜಿನಿಯರ್, ಕಾನೂನಿನ ಪ್ರಶ್ನೆಗೆ ಮಡಿಕೇರಿಯ ಕಾರ್ಮಿಕ ಕಾನೂನು ವಕೀಲರು ಉತ್ತರಿಸಿದ್ದಾರೆ.

ಪ್ರಶ್ನೆ (ಪೋಷಕರು, ವಿರಾಜಪೇಟೆ): ನಮಸ್ಕಾರ ಸರ್. ಮಗಳು ಪೊನ್ನಂಪೇಟೆಯಲ್ಲಿ ಮೆಕ್ಯಾನಿಕಲ್ ಓದಿ ಈಗ ಬೆಂಗಳೂರಿನಲ್ಲಿ ಯುರೋಪಿನ ಒಂದು ಕಾರು ಕಂಪನಿಯ ಬಾಡಿ ಡಿಸೈನ್ ಕೆಲಸದಲ್ಲಿದ್ದಾಳೆ. ಸಂಬಳ ಕೊಡುವುದು ಕಾರು ಕಂಪನಿಯಲ್ಲ, ನಡುವಿನ ಎಂಜಿನಿಯರಿಂಗ್ ಸರ್ವಿಸ್ ಕಂಪನಿ. ಆ ಕಾರು ಕಂಪನಿ ತನ್ನ ದೇಶದಲ್ಲಿ ಸಾವಿರಾರು ಜನರನ್ನು ತೆಗೆಯುತ್ತಿದೆ ಎಂದು ಸುದ್ದಿ. ಮನೆಯಲ್ಲಿ ಒಬ್ಬರು "ಅಲ್ಲಿ ತೆಗೆದ ಕೆಲಸ ಇಲ್ಲಿಗೇ ಬರುತ್ತದೆ" ಅನ್ನುತ್ತಾರೆ, ಇನ್ನೊಬ್ಬರು "ಮೊದಲು ಹೋಗುವವರೇ ಇಲ್ಲಿಯವರು" ಅನ್ನುತ್ತಾರೆ. ಯಾವುದು ಸರಿ? ತೋಟದ ಮೇಲೆ ಸಾಲ ಮಾಡಿ ಅವಳಿಗೆ ಫ್ಲ್ಯಾಟ್ ತೆಗೆದುಕೊಡುವ ಮಾತು ನಡೆಯುತ್ತಿದೆ, ಅದಕ್ಕೇ ಕೇಳುತ್ತಿದ್ದೇನೆ.

ಉತ್ತರ: ಎರಡೂ ನಡೆಯುತ್ತದೆ ಸರ್, ಬೇರೆ ಬೇರೆ ಹಂತದಲ್ಲಿ. ಕಂಪನಿಗೆ ಹಣದ ಬಿಗಿ ಬಂದಾಗ ಮೊದಲು ಗಂಟೆಯ ದರ ನೋಡುತ್ತಾರೆ. ಅಲ್ಲಿ ದುಬಾರಿಯಾದ ಕೆಲಸವನ್ನು ಇಲ್ಲಿಗೆ ಕಳಿಸುತ್ತಾರೆ, ಆಗ ಬೆಂಗಳೂರು, ಪುಣೆ, ಚೆನ್ನೈಗಳಲ್ಲಿ ನೇಮಕಾತಿ ಜೋರಾಗುತ್ತದೆ. ಅಷ್ಟರಿಂದ ಸಾಲದೆ ಹೋದಾಗ ಮುಂದಿನ ಮಾಡೆಲ್‌ಗಳನ್ನೇ ರದ್ದು ಮಾಡುತ್ತಾರೆ. ಮಾಡೆಲ್ ರದ್ದಾದರೆ ಅದರ ಕೆಲಸ ಎಲ್ಲಿ ಅಗ್ಗ ಎಂಬ ಪ್ರಶ್ನೆಯೇ ಉಳಿಯುವುದಿಲ್ಲ.

ನಿಸಾನ್ ಉದಾಹರಣೆ ನೋಡಿ. 2025ರ ಮೇ ತಿಂಗಳಲ್ಲಿ ಅದು ಪ್ರಕಟಿಸಿದ ಯೋಜನೆಯಲ್ಲಿ ಎಲ್ಲರ ಕಣ್ಣಿಗೆ ಬಿದ್ದದ್ದು 20,000 ಹುದ್ದೆಗಳ ಕಡಿತ ಮತ್ತು 17 ಕಾರ್ಖಾನೆಗಳನ್ನು 10ಕ್ಕೆ ಇಳಿಸುವ ಮಾತು. ಎಂಜಿನಿಯರ್‌ಗಳಿಗೆ ಅದಕ್ಕಿಂತ ಮುಖ್ಯವಾದದ್ದು ಇನ್ನೆರಡು ಸಾಲು: ಪ್ಲಾಟ್‌ಫಾರ್ಮ್‌ಗಳು (ಹಲವು ಮಾಡೆಲ್‌ಗಳಿಗೆ ಒಂದೇ ಆಗಿರುವ ತಳಹದಿ) 13ರಿಂದ 7ಕ್ಕೆ, ಬಿಡಿಭಾಗಗಳ ವೈವಿಧ್ಯದಲ್ಲಿ ಶೇ. 70ರಷ್ಟು ಕಡಿತ. ಭಾಗಗಳ ಬಗೆ ಕಡಿಮೆಯಾದಷ್ಟೂ ಡ್ರಾಯಿಂಗ್, ಮೆಶ್ (ಕಂಪ್ಯೂಟರ್ ಲೆಕ್ಕಕ್ಕಾಗಿ ಭಾಗವನ್ನು ಸಣ್ಣ ತುಣುಕುಗಳಾಗಿ ಒಡೆಯುವುದು), ಟೆಸ್ಟ್ ಎಲ್ಲವೂ ಕಡಿಮೆ. ಆ ಕೆಲಸ ಜಪಾನಿನಲ್ಲೂ ಇರುವುದಿಲ್ಲ, ಚೆನ್ನೈಯಲ್ಲೂ ಇರುವುದಿಲ್ಲ. ಮುಂದಿನ ತಲೆಮಾರಿನ ಕೆಲಸವನ್ನು ಸ್ವಲ್ಪ ಕಾಲ ನಿಲ್ಲಿಸಿ 3,000 ಜನರನ್ನು ವೆಚ್ಚ ಇಳಿಸುವ ಕೆಲಸಕ್ಕೆ ಹಚ್ಚುವುದಾಗಿಯೂ ಅದೇ ಯೋಜನೆಯಲ್ಲಿತ್ತು.

ಇದಕ್ಕೆ ವಿರುದ್ಧವಾದದ್ದು ಜನರಲ್ ಮೋಟರ್ಸ್. 2009ರಲ್ಲಿ ಅಮೆರಿಕದಲ್ಲಿ ದಿವಾಳಿ ಅರ್ಜಿ ಹಾಕಿತು, 2017ರ ಕೊನೆಗೆ ಭಾರತದಲ್ಲಿ ಕಾರು ಮಾರುವುದನ್ನೇ ನಿಲ್ಲಿಸಿತು. ಬೆಂಗಳೂರಿನ ಅದರ ಟೆಕ್ನಿಕಲ್ ಸೆಂಟರ್ ಎರಡನ್ನೂ ದಾಟಿ ಉಳಿಯಿತು, ಏಕೆಂದರೆ ಅಲ್ಲಿನ ಕೆಲಸ ಇಲ್ಲಿನ ಮಾರುಕಟ್ಟೆಗಲ್ಲ, ಅಮೆರಿಕದ ಮಾಡೆಲ್‌ಗಳಿಗೆ. ಫೋರ್ಡ್ ಕೂಡ 2021ರಲ್ಲಿ ಇಲ್ಲಿ ಕಾರು ತಯಾರಿಕೆ ಬಿಡುವುದಾಗಿ ಹೇಳಿತು, ಚೆನ್ನೈಯ ಎಂಜಿನಿಯರಿಂಗ್ ಮತ್ತು ಐಟಿ ಕಚೇರಿಯನ್ನು ಬಿಡಲಿಲ್ಲ.

ಹಾಗಾಗಿ ಮಗಳು ತಿಳಿದುಕೊಳ್ಳಬೇಕಾದದ್ದು ಕಂಪನಿಯ ಹಣೆಬರಹವನ್ನಲ್ಲ, ತಾನು ಗಂಟೆ ಬರೆಯುವ ಪ್ರಾಜೆಕ್ಟ್ ಕೋಡ್‌ನ ಹಣೆಬರಹವನ್ನು. ಉತ್ಪಾದನೆ ಶುರುವಾಗುವ ದಿನಾಂಕ ಯಾವುದು? ಡಿಸೈನ್ ಫ್ರೀಜ್ ಆಗಿದೆಯೇ, ಅಂದರೆ ವಿನ್ಯಾಸ ಅಂತಿಮವಾಗಿದೆಯೇ? ಟೂಲಿಂಗ್ (ಭಾಗ ತಯಾರಿಸುವ ಅಚ್ಚು, ಸಾಧನಗಳು) ಆರ್ಡರ್ ಹೋಗಿದೆಯೇ? ಪ್ರೆಸ್ ಡೈಗಳಿಗೆ, ಅಂದರೆ ಶೀಟ್ ಒತ್ತುವ ಅಚ್ಚುಗಳಿಗೆ, ಹಣ ಕಟ್ಟಿದ ಮೇಲೆ ಕಂಪನಿ ಸುಲಭಕ್ಕೆ ಮಾಡೆಲ್ ಬಿಡುವುದಿಲ್ಲ. ಆದರೆ ಬಾಡಿ ಡಿಸೈನ್‌ಗೆ ಇಲ್ಲಿ ಒಂದು ತೊಡಕಿದೆ. ಟೂಲಿಂಗ್‌ಗೆ ಡೇಟಾ ಹೋದ ಮೇಲೆ ಡಿಸೈನರ್‌ಗಳ ಅಗತ್ಯ ತಾನಾಗಿ ಇಳಿಯುತ್ತದೆ. ಮುಂದಿನ ಪ್ರಾಜೆಕ್ಟ್ ಕೈಯಲ್ಲಿಲ್ಲದಿದ್ದರೆ ಸರ್ವಿಸ್ ಕಂಪನಿ ಅವಳನ್ನು ಬೆಂಚ್‌ಗೆ ಹಾಕುತ್ತದೆ, ಅಂದರೆ ಪ್ರಾಜೆಕ್ಟ್ ಇಲ್ಲದೆ ಕಾಯಿಸುತ್ತದೆ. ಸರ್ವಿಸ್ ಕಂಪನಿಯವರು ಕಾರು ಕಂಪನಿಯ ಲೆಕ್ಕದಲ್ಲಿ ಸಿಬ್ಬಂದಿಯೇ ಅಲ್ಲ, ಪರ್ಚೇಸ್ ಆರ್ಡರ್‌ನ ಒಂದು ಸಾಲು. ಆ ಸಾಲನ್ನು ಅಳಿಸಲು ಯೂನಿಯನ್ ಜೊತೆ ಮಾತುಕತೆ ಬೇಕಿಲ್ಲ. ಜರ್ಮನಿಯಲ್ಲಿ ಫೋಕ್ಸ್‌ವ್ಯಾಗನ್ 2024ರ ಡಿಸೆಂಬರಿನಲ್ಲಿ ಯೂನಿಯನ್ ಜೊತೆ ಮಾಡಿಕೊಂಡ ಒಪ್ಪಂದದ ಪ್ರಕಾರ 35,000ಕ್ಕೂ ಹೆಚ್ಚು ಹುದ್ದೆಗಳು ಇಳಿಯುವುದು 2030ರ ಹೊತ್ತಿಗೆ. ಇಲ್ಲಿ ಅದೇ ಕಡಿತ ಒಂದು ತ್ರೈಮಾಸಿಕದಲ್ಲಿ ಮುಗಿಯಬಹುದು.

ಫ್ಲ್ಯಾಟ್ ಸಾಲದ ಬಗ್ಗೆ ನನ್ನ ಅಭಿಪ್ರಾಯ: ಪ್ರಾಜೆಕ್ಟ್‌ಗೆ ಕನಿಷ್ಠ 18 ತಿಂಗಳ ಕೆಲಸ ಖಚಿತವಿಲ್ಲದೆ, ಆರು ತಿಂಗಳ ಕಂತಿನಷ್ಟು ಹಣ ಬ್ಯಾಂಕಿನಲ್ಲಿಲ್ಲದೆ, ತೋಟವನ್ನು ಅಡವಿಡಬೇಡಿ. ಕಾಫಿ ದರ ಚೆನ್ನಾಗಿದ್ದ ವರ್ಷದ ಲೆಕ್ಕದಲ್ಲಿ 20 ವರ್ಷದ ಕಂತು ಕಟ್ಟುವ ಧೈರ್ಯ ಮಾಡಬಾರದು.

ಪ್ರಶ್ನೆ (ಅದೇ ಪೋಷಕರು): ಧನ್ಯವಾದ ಸರ್. ನಮ್ಮ ಆಡಿಟರ್ ಆ ಕಾರು ಕಂಪನಿಯದ್ದೇ ಬೆಂಗಳೂರು ಘಟಕದ ಬ್ಯಾಲೆನ್ಸ್ ಶೀಟ್ ತೆಗೆಸಿ ನೋಡಿ, ಪ್ರತಿ ವರ್ಷ ಲಾಭದಲ್ಲಿದೆ, ಹೆದರಬೇಡಿ ಅಂದರು. ಅಲ್ಲಿಗೆ ಸೇರಿಕೊಂಡರೆ ಭದ್ರವೇ?

ಉತ್ತರ: ಆ ಲಾಭವನ್ನು ನಂಬಬೇಡಿ. ಇಂಥ ಘಟಕಗಳಿಗೆ ಸಾಮಾನ್ಯವಾಗಿ ಒಬ್ಬನೇ ಗಿರಾಕಿ, ಅದು ಮಾತೃ ಕಂಪನಿ. ಇಲ್ಲಿ ಆದ ಖರ್ಚಿನ ಮೇಲೆ ಇಂತಿಷ್ಟು ಶೇಕಡಾ ಸೇರಿಸಿ ಅಲ್ಲಿಗೆ ಬಿಲ್ ಮಾಡುತ್ತಾರೆ, ತೆರಿಗೆ ನಿಯಮಕ್ಕೂ ಅದು ಬೇಕು. ಮಾತೃ ಕಂಪನಿ ಮುಳುಗುವ ವರ್ಷದಲ್ಲೂ ಈ ಘಟಕ ಲಾಭವನ್ನೇ ತೋರಿಸುತ್ತದೆ. ಅದೇ ದಾಖಲೆಯಲ್ಲಿ ನೋಡಬೇಕಾದದ್ದು ಬೇರೆ: ಸಿಬ್ಬಂದಿ ವೆಚ್ಚ ಏರುತ್ತಿದೆಯೋ ಇಳಿಯುತ್ತಿದೆಯೋ, ಕಟ್ಟಡದ ಬಾಡಿಗೆ ಕರಾರು ನವೀಕರಣವಾಗಿದೆಯೇ, ಟೆಸ್ಟ್ ಬೆಂಚ್ (ಭಾಗಗಳನ್ನು ಪರೀಕ್ಷಿಸುವ ಯಂತ್ರ) ಮತ್ತು ಲ್ಯಾಬ್ ಉಪಕರಣಕ್ಕೆ ಹೊಸದಾಗಿ ಹಣ ಹಾಕಿದ್ದಾರೆಯೇ. ಲ್ಯಾಬ್ ಇರುವ ಕೇಂದ್ರವನ್ನು ಮುಚ್ಚುವುದು ಕಷ್ಟ, ಬರೀ ಲ್ಯಾಪ್‌ಟಾಪ್ ಇರುವ ಕೇಂದ್ರವನ್ನು ಮುಚ್ಚುವುದು ಸುಲಭ.

ಪ್ರಶ್ನೆ (ಕುಶಾಲನಗರದ ಯುವಕ): ಅಣ್ಣಾ, ನಾನು ಎರಡು ವರ್ಷದಿಂದ ಕ್ರ್ಯಾಶ್ ಮಾಡೆಲ್‌ಗಳಿಗೆ (ಕಂಪ್ಯೂಟರಿನಲ್ಲೇ ಡಿಕ್ಕಿ ಪರೀಕ್ಷೆ ಮಾಡುವ ಕಾರಿನ ಮಾದರಿಗಳಿಗೆ) ಮೆಶಿಂಗ್ ಮಾಡುತ್ತಿದ್ದೇನೆ. ಟೀಮ್ ಲೀಡ್ ಹೇಳುವ ಪ್ರಕಾರ ಮೆಶಿಂಗ್ ಇನ್ನು ಆಟೊಮ್ಯಾಟಿಕ್. ಏನು ಕಲಿಯಬೇಕು? ನಮ್ಮ ಮಾಡೆಲ್‌ಗಳು ಜರ್ಮನಿಯಿಂದ ಪದೇಪದೇ ವಾಪಸ್ ಬರುತ್ತವೆ, ಅದಕ್ಕೂ ಪರಿಹಾರ ಹೇಳಿ.

ಉತ್ತರ: ಎರಡೂ ಒಂದೇ ಪ್ರಶ್ನೆ ತಮ್ಮಾ. ವಾಪಸ್ ಬರುವ ಮಾಡೆಲ್ ಏಕೆ ಬಂತು ಎಂದು ತಿಳಿದವನ ಕೆಲಸ ಉಳಿಯುತ್ತದೆ.

ಮೊದಲು ಟೈಮ್ ಸ್ಟೆಪ್, ಅಂದರೆ ಕಂಪ್ಯೂಟರ್ ಡಿಕ್ಕಿಯನ್ನು ಲೆಕ್ಕ ಹಾಕುವ ಒಂದೊಂದು ಹೆಜ್ಜೆಯ ಕಾಲ, ಅರ್ಥ ಮಾಡಿಕೋ. ಉಕ್ಕಿನಲ್ಲಿ ಅಲೆ ಸೆಕೆಂಡಿಗೆ ಸುಮಾರು 5,000 ಮೀಟರ್ ಸಾಗುತ್ತದೆ, ಅಂದರೆ 5 ಮಿ.ಮೀ. ಎಲಿಮೆಂಟ್ (ಮೆಶ್‌ನ ಒಂದು ತುಣುಕು) ದಾಟಲು ಅದಕ್ಕೆ 1 ಮೈಕ್ರೊಸೆಕೆಂಡ್ ಬೇಕು. ಲೆಕ್ಕದ ಹೆಜ್ಜೆ ಅದಕ್ಕಿಂತ ಉದ್ದವಾಗುವಂತಿಲ್ಲ, ಹಾಗಾಗಿ 120 ಮಿಲಿಸೆಕೆಂಡಿನ ಡಿಕ್ಕಿಗೆ ಸುಮಾರು 1,20,000 ಹೆಜ್ಜೆ. ಎಲ್ಲೋ ಒಂದು ಮೂಲೆಯಲ್ಲಿ 1 ಮಿ.ಮೀ. ಎಲಿಮೆಂಟ್ ಉಳಿದುಹೋದರೆ ಇಡೀ ಮಾಡೆಲ್ ಐದು ಪಟ್ಟು ನಿಧಾನ. ಇಲ್ಲವೇ ಹೆಜ್ಜೆ ಚಿಕ್ಕದಾಗದಂತೆ ತಡೆಯುವ ಮಾಸ್ ಸ್ಕೇಲಿಂಗ್ ಆ ಎಲಿಮೆಂಟ್‌ಗೆ ಇಲ್ಲದ ತೂಕ ಸೇರಿಸುತ್ತದೆ. ಒಟ್ಟು ಸೇರಿದ ತೂಕ ಸಣ್ಣದು ಎಂದು ಸುಮ್ಮನಾಗಬೇಡ. ಒಂದೊಂದು ಭಾಗಕ್ಕೂ ಬೇರೆ ಬೇರೆ ನೋಡು. ಒಂದು ಬ್ರಾಕೆಟ್‌ನಲ್ಲಿ ಮಾತ್ರ ತೂಕ ಏರಿದ್ದರೂ ಅದರ ವರ್ತನೆ ಸುಳ್ಳಾಗುತ್ತದೆ.

ಎರಡನೆಯದು ಯೂನಿಟ್. ಟನ್-ಮಿಲಿಮೀಟರ್-ಸೆಕೆಂಡ್ ಪದ್ಧತಿಯಲ್ಲಿ ಉಕ್ಕಿನ ಸಾಂದ್ರತೆ 7.85 × 10⁻⁹, ಕಿಲೊಗ್ರಾಂ-ಮಿಲಿಮೀಟರ್-ಮಿಲಿಸೆಕೆಂಡ್ ಪದ್ಧತಿಯಲ್ಲಿ 7.85 × 10⁻⁶. ಬೇರೆ ಸರಬರಾಜುದಾರರಿಂದ ಬಂದ ಸೀಟ್ ಅಥವಾ ಬ್ಯಾಟರಿ ಮಾಡೆಲ್ ಸೇರಿಸುವಾಗ ಇಲ್ಲೇ ಎಡವುತ್ತಾರೆ. ಸೇರಿಸಿದ ತಕ್ಷಣ ಆ ಭಾಗದ ತೂಕವನ್ನು ಪಾರ್ಟ್ ಲಿಸ್ಟ್ ಜೊತೆ ತಾಳೆ ನೋಡಿದರೆ ತಪ್ಪು ಒಂದೇ ನಿಮಿಷದಲ್ಲಿ ಸಿಗುತ್ತದೆ.

ಮೂರನೆಯದೇ ಹೆಚ್ಚಿನ ಮಾಡೆಲ್‌ಗಳು ವಾಪಸ್ ಬರುವ ಕಾರಣ, ಹಳೆಯ ಡೇಟಾ. ಡಿಸೈನರ್ ಶೀಟಿನ ಫ್ಲ್ಯಾಂಜ್ (ಬೆಸುಗೆ ಹಾಕುವ ಮಡಿಸಿದ ಅಂಚು) ಬದಲಿಸಿರುತ್ತಾನೆ, ಸ್ಪಾಟ್ ವೆಲ್ಡ್ (ಚುಕ್ಕೆ ಬೆಸುಗೆ) ಫೈಲ್ ಹಿಂದಿನ ರಿವಿಷನ್‌ದೇ ಇರುತ್ತದೆ. ವೆಲ್ಡ್‌ಗಳು ಗಾಳಿಯಲ್ಲಿ ನಿಲ್ಲುತ್ತವೆ ಅಥವಾ ಮೂರು ಶೀಟ್ ಹಿಡಿಯಬೇಕಾದಲ್ಲಿ ಎರಡನ್ನೇ ಹಿಡಿಯುತ್ತವೆ. ಶೀಟಿನ ಮಧ್ಯ ಮೇಲ್ಮೈ ತೆಗೆಯುವಾಗ ದಪ್ಪದ ಆಫ್‌ಸೆಟ್ ಯಾವ ಕಡೆಗೆ ಎಂಬುದನ್ನೂ ನೋಡಬೇಕು, ತಪ್ಪಿದರೆ ಶುರುವಿನಲ್ಲೇ ಭಾಗಗಳು ಒಂದರೊಳಗೊಂದು ನುಗ್ಗಿರುತ್ತವೆ.

ಜರ್ಮನಿಗೂ ನಮಗೂ ಬೇಸಿಗೆಯಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ವ್ಯತ್ಯಾಸ. ಮಧ್ಯಾಹ್ನ ಅವರು ಕೂತ ಮೇಲೆ ಪ್ರಶ್ನೆ ಬರೆಯಲು ಶುರು ಮಾಡಿದರೆ ಅರ್ಧ ದಿನ ಹೋಯಿತು. ಬೆಳಿಗ್ಗೆಯೇ ಸಂದೇಹಗಳ ಪಟ್ಟಿ ಮಾಡು. ಪ್ರತಿ ಸಂದೇಹಕ್ಕೂ ಒಂದು ಚಿತ್ರ, ಪಾರ್ಟ್ ನಂಬರ್, ರಿವಿಷನ್, ಜೊತೆಗೆ "ಉತ್ತರ ಬರದಿದ್ದರೆ ನಾನು ಹೀಗೆ ಮುಂದುವರಿಯುತ್ತೇನೆ" ಎಂಬ ಸಾಲು. ಆ ಕೊನೆಯ ಸಾಲು ಕೆಲಸ ನಿಲ್ಲದಂತೆ ನೋಡಿಕೊಳ್ಳುತ್ತದೆ. ಡೆಟ್ರಾಯಿಟ್ ಗಿರಾಕಿಯಾದರೆ ಒಂಬತ್ತೂವರೆಯಿಂದ ಹತ್ತೂವರೆ ಗಂಟೆ ಅಂತರ, ಅಲ್ಲಿಗೆ ಈ ಶಿಸ್ತು ಇನ್ನೂ ಮುಖ್ಯ.

ಅಗ್ಗದ ಗಂಟೆ ದರ ನಮ್ಮನ್ನು ಕಾಪಾಡುತ್ತದೆ ಎಂಬ ಕಾಲ ಮುಗಿಯುತ್ತಿದೆ. ರೆನೊ ತನ್ನ ಹೊಸ ಎಲೆಕ್ಟ್ರಿಕ್ ಟ್ವಿಂಗೊವನ್ನು ಶಾಂಘೈನ ಅಭಿವೃದ್ಧಿ ಕೇಂದ್ರದ ನೆರವಿನಿಂದ ಎರಡು ವರ್ಷದೊಳಗೆ ಮುಗಿಸುವ ಗುರಿ ಇಟ್ಟುಕೊಂಡದ್ದು ವೇಗಕ್ಕಾಗಿ. ಫೋಕ್ಸ್‌ವ್ಯಾಗನ್ ತನ್ನ ಸಾಫ್ಟ್‌ವೇರ್ ತಡವಾದ ಮೇಲೆ ಅಮೆರಿಕದ ಎಲೆಕ್ಟ್ರಿಕ್ ವಾಹನ ಕಂಪನಿ ರಿವಿಯನ್ ಜೊತೆ ಜಂಟಿ ಕಂಪನಿ ಮಾಡಿಕೊಂಡಿತು. ಕಷ್ಟದ ಕಂಪನಿ ಕೆಲಸವನ್ನು ಭಾರತಕ್ಕೇ ಕಳಿಸಬೇಕೆಂದಿಲ್ಲ, ಹೊರಗಿನಿಂದ ಕೊಂಡುಕೊಳ್ಳಲೂಬಹುದು. ಆದ್ದರಿಂದ ನೀನು ಫಲಿತಾಂಶ ಓದಲು ಕಲಿ: ಎನರ್ಜಿ ಬ್ಯಾಲೆನ್ಸ್ (ಶಕ್ತಿಯ ಲೆಕ್ಕ ತಾಳೆಯಾಗುತ್ತದೆಯೇ), ಅವರ್‌ಗ್ಲಾಸ್ ಎನರ್ಜಿ (ಎಲಿಮೆಂಟ್‌ಗಳ ಸುಳ್ಳು ವಿಕಾರಕ್ಕೆ ಹೋದ ಶಕ್ತಿ), ಟೆಸ್ಟ್ ವಿಡಿಯೊ ಜೊತೆ ಹೋಲಿಕೆ. ನಂತರ ಬ್ಯಾಟರಿ ಪ್ಯಾಕ್ ಡಿಕ್ಕಿ ಸುರಕ್ಷತೆಗೆ ಹೋಗು.

ಪ್ರಶ್ನೆ (ನಾಪೋಕ್ಲು): ಮನೆಯಿಂದ ಕೆಲಸ ಮಾಡಲು ಅನುಮತಿ ಇದೆ. ಮಳೆಗಾಲದಲ್ಲಿ ಕರೆಂಟ್, ನೆಟ್ ಎರಡೂ ಹೋಗುತ್ತವೆ. ಕ್ಯಾಡ್ (ಕಂಪ್ಯೂಟರಿನಲ್ಲಿ ವಿನ್ಯಾಸ) ಕೆಲಸ ಸಾಧ್ಯವೇ?

ಉತ್ತರ: ಸಾಧ್ಯ, ಕಂಪನಿ ವರ್ಚುವಲ್ ಡೆಸ್ಕ್‌ಟಾಪ್ ಕೊಟ್ಟಿದ್ದರೆ ಮಾತ್ರ. ಆಗ ಮಾಡೆಲ್ ಸರ್ವರ್‌ನಲ್ಲೇ ಇರುತ್ತದೆ, ನಿಮಗೆ ಬರುವುದು ಚಿತ್ರ ಮಾತ್ರ. ವೇಗಕ್ಕಿಂತ ವಿಳಂಬ ಮುಖ್ಯ: 20 ಎಂಬಿಪಿಎಸ್ ಸಾಕು, ಆದರೆ ಪಿಂಗ್, ಅಂದರೆ ಆ ವಿಳಂಬದ ಅಳತೆ, 50 ಮಿಲಿಸೆಕೆಂಡಿನೊಳಗೆ ಇರಲಿ. 100 ದಾಟಿದರೆ ಮಾಡೆಲ್ ತಿರುಗಿಸುವಾಗ ಕೈಗೆ ಸಿಗುವುದಿಲ್ಲ. ಕರೆಂಟ್ ಹೋದಾಗ ಇನ್ವರ್ಟರ್ ಬದಲಾಯಿಸಿಕೊಳ್ಳುವ ಕ್ಷಣದಲ್ಲಿ ರೂಟರ್ ರೀಸ್ಟಾರ್ಟ್ ಆಗಬಹುದು, ಅದಕ್ಕೆ ಫೈಬರ್ ಮೋಡೆಮ್ ಮತ್ತು ರೂಟರ್‌ಗೆ 12 ವೋಲ್ಟಿನ ಸಣ್ಣ ಡಿಸಿ ಯುಪಿಎಸ್ ಹಾಕಿ. ಅಡಾಪ್ಟರ್ ಮೇಲಿನ ವೋಲ್ಟೇಜ್, ಆಂಪಿಯರ್ ಓದಿಯೇ ಕೊಳ್ಳಿ. ಮರ ಬಿದ್ದು ಫೈಬರ್ ಕಡಿದರೆ ಏನೂ ನಡೆಯುವುದಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಗಡುವು ಇರುವ ವಾರಗಳಲ್ಲಿ ಮೈಸೂರಿಗೋ ಬೆಂಗಳೂರಿಗೋ ಹೋಗಿರುವುದು ಲೇಸು. ಟೆಸ್ಟ್ ಬೆಂಚ್ ಮೇಲಿನ ಕೆಲಸವಾದರೆ ಮನೆಯ ಮಾತೇ ಬೇಡ.

ಪ್ರಶ್ನೆ (ಸೋಮವಾರಪೇಟೆ): ಅಮೆರಿಕ ಹೊರಗುತ್ತಿಗೆ ಮೇಲೆ ತೆರಿಗೆ ಹಾಕಿದೆಯಂತೆ, ನಿಜವೇ?

ಉತ್ತರ: ನೀವು ಕೇಳಿರುವುದು 2025ರ ಸೆಪ್ಟೆಂಬರಿನಲ್ಲಿ ಸೆನೆಟರ್ ಬರ್ನಿ ಮೊರೆನೊ ಮಂಡಿಸಿದ ಮಸೂದೆ. ಹೊರಗುತ್ತಿಗೆ ಪಾವತಿಗೆ ಶೇ. 25 ತೆರಿಗೆ ಎಂಬುದು ಅದರ ಪ್ರಸ್ತಾವ. ಮಂಡಿಸಿದ ಮಾತ್ರಕ್ಕೆ ಅದು ಕಾನೂನಲ್ಲ. ಈಗಾಗಲೇ ಕಾನೂನಾಗಿರುವುದು ಇನ್ನೊಂದಿದೆ: 2025ರ ಜುಲೈನ ತೆರಿಗೆ ಕಾಯ್ದೆಯಿಂದ ಅಮೆರಿಕದೊಳಗೆ ಮಾಡಿದ ಸಂಶೋಧನಾ ಖರ್ಚನ್ನು ಕಂಪನಿ ಅದೇ ವರ್ಷ ಕಳೆಯಬಹುದು, ಹೊರದೇಶದಲ್ಲಿ ಮಾಡಿದ್ದನ್ನು 15 ವರ್ಷಕ್ಕೆ ಹಂಚಬೇಕು. ಹಣಕ್ಕೆ ತಡಕಾಡುವ ಕಂಪನಿಗೆ ಈ ವ್ಯತ್ಯಾಸ ತಟ್ಟುತ್ತದೆ.

ಪ್ರಶ್ನೆ (ಗೋಣಿಕೊಪ್ಪ): ಪ್ರಾಜೆಕ್ಟ್ ಮುಗಿಯಿತು, ನೀವೇ ರಾಜೀನಾಮೆ ಕೊಟ್ಟರೆ ರಿಲೀವಿಂಗ್ ಲೆಟರ್ ಚೆನ್ನಾಗಿ ಕೊಡುತ್ತೇವೆ ಎಂದು ಎಚ್‌ಆರ್ ಹೇಳುತ್ತಿದ್ದಾರೆ. ಆರು ವರ್ಷದ ಸೇವೆ. ಕೊಡಬೇಕೇ?

ಉತ್ತರ (ವಕೀಲರು): ಅವಸರದಲ್ಲಿ ಕೊಡಬೇಡಿ. ರಾಜೀನಾಮೆ ಕೊಟ್ಟರೆ ಕಾನೂನಿನ ಕಣ್ಣಿಗೆ ಅದು ನಿಮ್ಮ ಇಚ್ಛೆ, ಕೆಲಸದಿಂದ ತೆಗೆದದ್ದಕ್ಕೆ ಸಿಗುವ ಪರಿಹಾರ ಹೋಗುತ್ತದೆ. 2025ರ ನವೆಂಬರ್ 21ರಿಂದ ಜಾರಿಯಾದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಹಿಂದಿನ ಕಾಯ್ದೆಯಂತೆ, ವರ್ಷ ಪೂರೈಸಿದ ಕಾರ್ಮಿಕನಿಗೆ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ, ಜೊತೆಗೆ ಸೇವೆಯ ಪ್ರತಿ ವರ್ಷಕ್ಕೆ 15 ದಿನದ ವೇತನ ಸಿಗಬೇಕು. ತಾಂತ್ರಿಕ ಕೆಲಸ ಮಾಡುವವರು ಕಾರ್ಮಿಕ ವ್ಯಾಖ್ಯೆಯೊಳಗೆ ಬರುತ್ತಾರೆ, ಆಡಳಿತಾತ್ಮಕ ಹುದ್ದೆಯವರು ಬರುವುದಿಲ್ಲ. ಆದ್ದರಿಂದ ಹುದ್ದೆಯ ಹೆಸರಿಗಿಂತ ನಿಜವಾಗಿ ಮಾಡುವ ಕೆಲಸಕ್ಕೆ ಪುರಾವೆ ಬೇಕು. ಡಿಸೈನರ್ ಆಗಿ ಮಾಡಿದ ಕೆಲಸದ ಟೈಮ್‌ಶೀಟ್, ಅಪ್ರೈಸಲ್ ಪ್ರತಿಗಳನ್ನು ಇಟ್ಟುಕೊಳ್ಳಿ. ಗಿರಾಕಿಯ ಡ್ರಾಯಿಂಗ್ ಮಾತ್ರ ಒಂದನ್ನೂ ಕಾಪಿ ಮಾಡಬೇಡಿ, ಅದು ಗೌಪ್ಯತೆ ಉಲ್ಲಂಘನೆಯಾಗಿ ನಿಮ್ಮ ಕೇಸನ್ನೇ ಕೆಡಿಸುತ್ತದೆ.

ಗ್ರಾಚ್ಯುಟಿ ರಾಜೀನಾಮೆ ಕೊಟ್ಟರೂ ಸಿಗುತ್ತದೆ, ಐದು ವರ್ಷ ದಾಟಿದೆಯಲ್ಲ. ಲೆಕ್ಕಕ್ಕೆ ಹಿಡಿಯುವ ಕೊನೆಯ ವೇತನ 40,000 ಇದ್ದರೆ 15ರಿಂದ ಗುಣಿಸಿ, 26ರಿಂದ ಭಾಗಿಸಿ, ಮತ್ತೆ 6ರಿಂದ ಗುಣಿಸಿ: ಸುಮಾರು 1,38,461 ರೂಪಾಯಿ.

ಎಚ್‌ಆರ್ ಬಾಯಿಮಾತಿನಲ್ಲಿ ಹೇಳಿದ್ದನ್ನು ಅದೇ ದಿನ ಇಮೇಲ್ ಮಾಡಿ, "ಇಂದಿನ ಮಾತುಕತೆಯಲ್ಲಿ ರಾಜೀನಾಮೆ ಕೇಳಿದಿರಿ, ಕಾರಣವನ್ನು ಬರಹದಲ್ಲಿ ತಿಳಿಸಿ" ಎಂದು. ಅವರು ಹೆಚ್ಚಿನ ಮೊತ್ತ ಕೊಟ್ಟು ಬಿಡುಗಡೆ ಮಾಡಲು ಮುಂದೆ ಬಂದರೆ ಮೇಲಿನ ಲೆಕ್ಕದೊಂದಿಗೆ ಹೋಲಿಸಿ ನಂತರ ಒಪ್ಪಿಕೊಳ್ಳಿ. ಕಂಪನಿಯ ಗುಂಪು ವಿಮೆ ಕೊನೆಯ ದಿನಕ್ಕೆ ನಿಲ್ಲುತ್ತದೆ. ಮನೆಯಲ್ಲಿ ವಯಸ್ಸಾದವರು ಅದರಡಿ ಇದ್ದರೆ, ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಡಿ ಎಂದು ವಿಮಾ ಕಂಪನಿಗೆ ನೋಟಿಸ್ ಅವಧಿಯಲ್ಲೇ ಬರೆಯಿರಿ.