ಎಗ್ ಫ್ರೀಜಿಂಗ್: ಕರೆಂಟ್ ಹೋದರೆ ಏನಾಗುತ್ತದೆ?

ಪ್ರಶ್ನೆ: ನಮಸ್ಕಾರ ಡಾಕ್ಟರ್ ಮೇಡಂ. ನಾನು ರಾಯಚೂರಿನವಳು, ವಯಸ್ಸು 32, ಪಿಎಚ್‌ಡಿ ಮಾಡುತ್ತಿದ್ದೇನೆ. ಸದ್ಯಕ್ಕೆ ಮದುವೆ ಯೋಚನೆ ಇಲ್ಲ, ಎಗ್ ಫ್ರೀಜ್ ಮಾಡಿಸೋಣ, ಅಂದರೆ ಅಂಡಾಣು ತೆಗೆಸಿ ಮುಂದಕ್ಕೆ ಹೆಪ್ಪುಗಟ್ಟಿಸಿ ಇಡಿಸೋಣ ಅಂತಿದ್ದೇನೆ. ಮದುವೆ ಆಗದವರಿಗೂ ಮಾಡುತ್ತಾರಾ? ಅಷ್ಟೊಂದು ಅಂಡಾಣು ತೆಗೆದರೆ ಮುಟ್ಟು ಬೇಗ ನಿಂತು ಹೋಗುತ್ತದೆ ಅಂತ ಚಿಕ್ಕಮ್ಮ ಹೆದರಿಸುತ್ತಿದ್ದಾರೆ. ಇನ್ನೊಂದು, ನಗಬೇಡಿ: ಕರೆಂಟ್ ಹೋದರೆ ಅವು ಕೆಡಲ್ವಾ?

ಉತ್ತರ: ನಗಲ್ಲಮ್ಮ. ಪಕ್ಕದ ಶಕ್ತಿನಗರದಲ್ಲೇ ಕರೆಂಟ್ ತಯಾರಾದರೂ ಬೇಸಿಗೆಯಲ್ಲಿ ನಮ್ಮ ಫ್ಯಾನ್ ನಿಲ್ಲುತ್ತದೆ, ಭಯ ಸಹಜ. ಆದರೆ ಅಂಡಾಣು ಇಡುವುದು ಫ್ರಿಜ್‌ನಲ್ಲಲ್ಲ, ಲಿಕ್ವಿಡ್ ನೈಟ್ರೋಜನ್‌ನಲ್ಲಿ, ಮೈನಸ್ 196 ಡಿಗ್ರಿಯಲ್ಲಿ. ದನದ ದವಾಖಾನೆಯಲ್ಲಿ ಹೋರಿಯ ವೀರ್ಯದ ಕಡ್ಡಿ ಇಡುವ ಕ್ಯಾನ್ ನೋಡಿರಬೇಕಲ್ಲ, ಮುಚ್ಚಳ ತೆಗೆದರೆ ಬಿಳಿ ಹೊಗೆ ಏಳುತ್ತದೆ, ಅದೇ ಪದ್ಧತಿ. ಅದಕ್ಕೆ ಕರೆಂಟೇ ಬೇಡ. ನೈಟ್ರೋಜನ್ ಮಾತ್ರ ನಿಧಾನವಾಗಿ ಆರುತ್ತಾ ಹೋಗುತ್ತದೆ, ತುಂಬಿಸುತ್ತಿರಬೇಕು. ಹಾಗಾಗಿ ಆಸ್ಪತ್ರೆಯಲ್ಲಿ ಜನರೇಟರ್ ಬಗ್ಗೆ ಕೇಳುವ ಬದಲು, ನೈಟ್ರೋಜನ್ ಮಟ್ಟ ಯಾರು ನೋಡುತ್ತಾರೆ, ಅಲಾರಂ ಇದೆಯಾ ಅಂತ ಕೇಳಿ.

ಚಿಕ್ಕಮ್ಮನಿಗೆ ಹೇಳಿ: ಪ್ರತಿ ತಿಂಗಳೂ ಹಲವು ಅಂಡಾಣು ಬೆಳೆಯಲು ಹೊರಡುತ್ತವೆ. ಸಾಮಾನ್ಯವಾಗಿ ಒಂದೇ ಹಣ್ಣಾಗುತ್ತದೆ, ಉಳಿದವು ಅಲ್ಲೇ ಕರಗುತ್ತವೆ. ಸುಮಾರು 10–12 ದಿನ ಕೊಡುವ ಇಂಜೆಕ್ಷನ್ ಹೀಗೆ ಕರಗಬೇಕಾದವನ್ನೇ ಬೆಳೆಸುತ್ತದೆ. ಮುಂದಿನ ತಿಂಗಳುಗಳ ಗಂಟಿಗೆ ಕೈ ಹಾಕಲ್ಲ. ಆಮೇಲೆ ಮಂಪರು ಕೊಟ್ಟು, ಸ್ಕ್ಯಾನ್ ನೋಡುತ್ತಾ ಸೂಜಿಯಿಂದ ತೆಗೆಯುತ್ತಾರೆ. ಹೊಟ್ಟೆ ಕೊಯ್ಯುವುದಿಲ್ಲ. ಎರಡು ಮೂರು ದಿನ ಹೊಟ್ಟೆ ಉಬ್ಬರಿಸಬಹುದು. ಉಬ್ಬರ ಜಾಸ್ತಿಯಾದರೆ ಅಥವಾ ಉಸಿರಾಡಲು ಕಷ್ಟವಾದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಮದುವೆ ಆಗಿರಲೇಬೇಕು ಅಂತಿಲ್ಲ. 2021ರ ಎಆರ್‌ಟಿ (ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ) ಕಾಯ್ದೆ ಪ್ರಕಾರ 21 ದಾಟಿದ, 50ರೊಳಗಿನ ಒಂಟಿ ಮಹಿಳೆಯೂ ಮಾಡಿಸಬಹುದು. ಆ ಕಾಯ್ದೆಯಡಿ ನೋಂದಣಿ ಆದ ಕಡೆಯೇ ಹೋಗಿ. ಮೊದಲು ಎಎಂಎಚ್ ಅನ್ನುವ ಹಾರ್ಮೋನಿನ ರಕ್ತ ಪರೀಕ್ಷೆ ಮಾಡುತ್ತಾರೆ. ಅಂಡಾಣು ಎಷ್ಟು ಸಿಗಬಹುದು ಅಂತ ಅದು ಅಂದಾಜು ಕೊಡುತ್ತದೆ, ಹೇಗಿವೆ ಅಂತ ಹೇಳಲ್ಲ. ಅವುಗಳ ಗುಣಮಟ್ಟ ಹೆಚ್ಚಾಗಿ ವಯಸ್ಸಿನ ಮೇಲೆ. 35 ದಾಟುವ ಮೊದಲೇ ಯೋಚಿಸುತ್ತಿದ್ದೀರಿ, ಒಳ್ಳೆಯದೇ. ಆದರೆ ‘ಮಗು ಗ್ಯಾರಂಟಿ’ ಅನ್ನುವವರ ಕಡೆ ಹೋಗಲೇಬೇಡಿ.

ಸಿಂಧನೂರಿನಿಂದ ಇನ್ನೊಬ್ಬರು: ಮೇಡಂ, ನನ್ನ ತಂಗಿಗೆ ಸ್ತನ ಕ್ಯಾನ್ಸರ್. ಮುಂದಿನ ತಿಂಗಳು ಕೀಮೋ. ಅಂಡಾಣು ತೆಗೆಸಲು ಮುಟ್ಟಿನ ದಿನಕ್ಕೆ ಕಾಯಬೇಕಾ?

ಉತ್ತರ: ಕಾಯಬೇಡಿ. ಈಗ ಯಾವ ದಿನದಿಂದಲಾದರೂ ಶುರು ಮಾಡುತ್ತಾರೆ, ಸುಮಾರು ಎರಡು ವಾರ ಬೇಕು. ಕೀಮೋದಿಂದ ಅಂಡಾಣುಗಳಿಗೆ ಹಾನಿಯಾಗಬಹುದು, ಅದಕ್ಕೇ ಅದು ಶುರುವಾಗುವ ಮೊದಲೇ ಮುಗಿಯಬೇಕು. ಕ್ಯಾನ್ಸರ್ ಡಾಕ್ಟರಿಗೆ ನಾಳೆಯೇ ಹೇಳಿ, ಅವರೂ ಫರ್ಟಿಲಿಟಿ ಡಾಕ್ಟರೂ ನೇರವಾಗಿ ಮಾತಾಡಿಕೊಳ್ಳಲಿ. ಇಂಜೆಕ್ಷನ್ ಊರಿಗೆ ತರುವುದಾದರೆ ಐಸ್ ಪ್ಯಾಕ್ ಹಾಕಿದ ಡಬ್ಬಿಯಲ್ಲೇ ತನ್ನಿ, ಮನೆಗೆ ಬಂದ ಮೇಲೆ ಫ್ರಿಜ್‌ನಲ್ಲಿಡಿ, ಫ್ರೀಜರ್‌ನಲ್ಲಿ ಮಾತ್ರ ಬೇಡ.