ಅಪ್‌ಡೇಟ್: ಕಾರ್ಬುರೇಟರ್ ಬಿಚ್ಚಿ ಜೋಡಿಸಿದ ಮೇಲೆ ಮುಗ್ಗರಿಸುತ್ತಿದ್ದ ಎಂಜಿನ್

ಹೋದ ವಾರ ಕೇಳಿದ್ದೆ: ಹಳೆಯ ಕಾರಿನ ಕಾರ್ಬುರೇಟರನ್ನು (ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಬಿಚ್ಚಿ, ತೊಳೆದು, ಹೊಸ ಗ್ಯಾಸ್ಕೆಟ್ (ಸೋರಿಕೆ ತಡೆಯುವ ತೆಳು ಪದರ) ಹಾಕಿ ಜೋಡಿಸಿದ ಮೇಲೆ ಎಂಜಿನ್ ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಸುಮ್ಮನೆ ಓಡುವಾಗ) ನಡುಗುತ್ತದೆ, ಆಕ್ಸಿಲರೇಟರ್ ಒತ್ತಿದ ಕೂಡಲೇ ಮುಗ್ಗರಿಸುತ್ತದೆ, ಏಕೆ ಎಂದು. ಗಾಳಿ ಸೋರುತ್ತಿದೆಯೇ ನೋಡಿ ಎಂದು ಹಲವರು ಹೇಳಿದಿರಿ. ನಾನು ಕೇಳದೆ ಇಗ್ನಿಷನ್ ಟೈಮಿಂಗ್ (ಕಿಡಿ ಹಾರುವ ಸಮಯ) ಕೆದಕುತ್ತಾ ಎರಡು ಸಂಜೆ ಹಾಳುಮಾಡಿಕೊಂಡೆ.

ಕೊನೆಗೆ ತಣ್ಣಗಿದ್ದ ಎಂಜಿನ್ನನ್ನು ಚಾಲೂ ಮಾಡಿ, ಕಾರ್ಬುರೇಟರಿನ ಬುಡಕ್ಕೆ ಕ್ಲೀನರ್ ಸ್ವಲ್ಪವೇ ಸಿಂಪಡಿಸಿದೆ. (ಬೆಂಕಿ ಹತ್ತುವ ವಸ್ತು, ಹುಷಾರು.) ಒಂದು ಮೂಲೆಗೆ ತಗುಲಿದ್ದೇ ತಡ, ಎಂಜಿನ್ ವೇಗ ಏರಿತು, ಅಂದರೆ ಅಲ್ಲೇ ಗಾಳಿ ಸೋರುತ್ತಿತ್ತು. ಬಿಚ್ಚಿ ಫ್ಲ್ಯಾಂಜಿನ (ಬೋಲ್ಟು ಹಾಕುವ ಚಪ್ಪಟೆ ಅಂಚು) ಮೇಲೆ ಉಕ್ಕಿನ ಪಟ್ಟಿ ಇಟ್ಟರೆ ಅಡಿಯಲ್ಲಿ ಬೆಳಕು ಕಾಣುತ್ತಿತ್ತು. ಬೋಲ್ಟುಗಳನ್ನು ಅತಿಯಾಗಿ ಬಿಗಿದು ಲೋಹವೇ ಬಾಗಿದೆ. ದಪ್ಪ ಗಾಜಿನ ಮೇಲೆ ಎಮರಿ ಕಾಗದ ಹಾಸಿ, ನಿಧಾನವಾಗಿ ಉಜ್ಜಿ ಸಮ ಮಾಡಿದೆ. ಐಡಲ್ ನಡುಕ ನಿಂತಿತು.

ಮುಗ್ಗರಿಸುವುದು ಮಾತ್ರ ಹೋಗಲಿಲ್ಲ. ಎಂಜಿನ್ ಆರಿಸಿ, ಏರ್ ಫಿಲ್ಟರ್ ತೆಗೆದು, ಥ್ರಾಟಲ್ (ಗಾಳಿಯ ದಾರಿ ತೆರೆಯುವ ಬಾಗಿಲು) ಸೆಳೆಯುತ್ತಾ ಕಾರ್ಬುರೇಟರಿನ ಗಂಟಲೊಳಗೆ ಇಣುಕಿದೆ. ಆಕ್ಸಿಲರೇಟರ್ ಪಂಪಿನಿಂದ ಪೆಟ್ರೋಲ್ ಚಿಮ್ಮಬೇಕಾದಲ್ಲಿ ಒಂದೆರಡು ಹನಿ ತೊಟ್ಟಿಕ್ಕಿತು, ಅಷ್ಟೇ. ಥ್ರಾಟಲ್ ತೆರೆದಾಗ ಗಾಳಿ ಒಮ್ಮೆಲೇ ನುಗ್ಗುತ್ತದೆ, ಇಂಧನ ಹಿಂದೆ ಬೀಳುತ್ತದೆ. ಆ ಕೊರತೆ ತುಂಬುವುದೇ ಈ ಪಂಪಿನ ಕೆಲಸ. ಪೆಟ್ರೋಲ್ ಹಿಂದಕ್ಕೆ ಹರಿಯದಂತೆ ಅದರ ದಾರಿಯಲ್ಲಿ ಕೂರಬೇಕಾದ ಪುಟ್ಟ ಉಕ್ಕಿನ ಗುಂಡು ಎಲ್ಲಿತ್ತು ಗೊತ್ತೇ? ತೊಳೆಯುವ ತಟ್ಟೆಯ ತಳದ ಕೆಸರಿನಲ್ಲಿ! ನಾಚಿಕೆಯಾಯಿತು. ಅದನ್ನು ಅದರ ಜಾಗದಲ್ಲಿ ಕೂರಿಸಿದೆ.

ಈಗ ಎಂಜಿನ್ ಚೆನ್ನಾಗಿ ಎಳೆಯುತ್ತದೆ. ಸ್ಪಾರ್ಕ್ ಪ್ಲಗ್ಗುಗಳು ಸ್ವಲ್ಪ ಕಪ್ಪಾಗುತ್ತಿವೆ, ಪೆಟ್ರೋಲ್ ಹೆಚ್ಚಾಗುತ್ತಿರಬೇಕು. ಫ್ಲೋಟ್ ಮಟ್ಟ (ಕಾರ್ಬುರೇಟರಿನೊಳಗೆ ನಿಲ್ಲುವ ಪೆಟ್ರೋಲಿನ ಎತ್ತರ) ಹೆಚ್ಚಾಗಿದೆಯೇ ಎಂದು ಭಾನುವಾರ ಅಳೆಯುತ್ತೇನೆ.