ಹಳೆಯ ಚಿತ್ರವನ್ನು ‘ತಿದ್ದಿದೆ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ. ನನಗೆ ಒಂದು ಕ್ರಿಯಾಪದ ಬೇಕಾಗಿದೆ. ಎರಡು ವಾರದಿಂದ ಹುಡುಕುತ್ತಿದ್ದೇನೆ.

ನಾನು ಚಿತ್ರ ಬರೆಯುವವಳು. 1998ರಲ್ಲಿ ಅಜ್ಜಿಯ ತೊಟ್ಟಿಮನೆಯ ಚಿತ್ರ ಬರೆದಿದ್ದೆ. ಅತಿವಾಸ್ತವವಾದಿಗಳ, ಅಂದರೆ ಕನಸಿನಲ್ಲಿ ಕಂಡಂಥದ್ದನ್ನು ಬರೆಯುವ ಸರ್ರಿಯಲಿಸ್ಟರ, ಚಿತ್ರಗಳನ್ನು ಪುಸ್ತಕದಲ್ಲಿ ಮೊದಲ ಸಲ ಕಂಡು ಬೆರಗಾಗಿದ್ದ ಕಾಲ. ತೊಟ್ಟಿಯ ತುಂಬ ಆಕಾಶ ನೀರಿನ ಹಾಗೆ ನಿಂತಿದೆ, ಮಾಡಿನ ಮೇಲೆ ಹಸು ಮಲಗಿದೆ. ಈಗ ಆ ಮನೆ ಇಲ್ಲ. 2024ರಲ್ಲಿ ಅಷ್ಟೇ ಅಳತೆಯ ಬೇರೆ ಕ್ಯಾನ್ವಾಸ್ ಮೇಲೆ ಅದೇ ಚಿತ್ರವನ್ನು ಮತ್ತೆ ಬರೆದೆ. ಗೋಡೆಗಳು ಹೋದವು. ಹಸು ಅದೇ ಜಾಗದಲ್ಲಿದೆ, ಅದರ ಕೆಳಗೆ ಮಾಡು ಇಲ್ಲ. ಎರಡನ್ನೂ ಅಕ್ಕಪಕ್ಕ ತೂಗುಹಾಕಿ ಕೆಳಗೆ ಒಂದು ಸಾಲು ಬರೆಯಬೇಕು: ‘1998ರ ಚಿತ್ರವನ್ನು 2024ರಲ್ಲಿ...’ ಏನು ಮಾಡಿದೆ?

‘ಪರಿಷ್ಕರಿಸಿದೆ’ ಬೇಡ. ಪರಿಷ್ಕೃತ ಮುದ್ರಣ ಬಂದ ಮೇಲೆ ಹಳೆಯದನ್ನು ಯಾರೂ ಕೇಳುವುದಿಲ್ಲ. ‘ತಿದ್ದುಪಡಿ’ ಕಾನೂನಿನ ಮಾತು.

ಇದೇ ಕೆಲಸವನ್ನು ಸ್ಪೇನಿನ ಅತಿವಾಸ್ತವವಾದಿ ಚಿತ್ರಕಾರ ಸಾಲ್ವಡಾರ್ ಡಾಲಿ ಮಾಡಿದ್ದಾರೆ. ಕರಗುವ ಗಡಿಯಾರಗಳ ಅವರ ಚಿತ್ರ ನಿಮಗೆಲ್ಲ ಗೊತ್ತು, ‘ದಿ ಪರ್ಸಿಸ್ಟೆನ್ಸ್ ಆಫ್ ಮೆಮೊರಿ’, 1931ರದು. ನೋಡಿದರೆ ತುಂಬ ಚಿಕ್ಕದು, 24 ಸೆಂ.ಮೀ. ಎತ್ತರ, 33 ಸೆಂ.ಮೀ. ಅಗಲ. 1952ರಿಂದ 1954ರವರೆಗೆ ಅವರು ಹೆಚ್ಚುಕಡಿಮೆ ಅದೇ ಅಳತೆಯಲ್ಲಿ ಅದನ್ನು ಮತ್ತೆ ಬರೆದರು. ನಡುವೆ ಹಿರೋಷಿಮಾ ಆಗಿತ್ತು, ಡಾಲಿಯ ತಲೆಯ ತುಂಬ ಅಣುವೇ ಇತ್ತು. ಹಾಗಾಗಿ ಎರಡನೆಯದರಲ್ಲಿ ನೆಲ ಇಟ್ಟಿಗೆಗಳಂತೆ ಬಿಡಿಬಿಡಿಯಾಗಿ ತೇಲುತ್ತಿದೆ. ಮರ ತುಂಡಾಗಿದೆ. ಗಡಿಯಾರದ ಮುಳ್ಳುಗಳು ಬಿಲ್ಲೆಯಿಂದ ಮೇಲೆದ್ದಿವೆ. ಕರಗುವ ಗಡಿಯಾರ ಮೂರಿದ್ದದ್ದು ನಾಲ್ಕಾಗಿದೆ. ಬೆಟ್ಟದ ಅಂಚು ಮಾತ್ರ ಸ್ಪೇನಿನ ಕೆಟಲೋನಿಯಾದ ಅದೇ ಕಡಲತೀರದ್ದು.

ಇಂಥ ಕೆಲಸಕ್ಕೆ ನನಗೆ ಮೊದಲು ಹೊಳೆದದ್ದು ಅಕ್ಕಸಾಲಿಗರ ಅಂಗಡಿಯ ಮಾತು: ಹಳೆಯ ಒಡವೆ ‘ಮುರಿಸಿ ಮಾಡಿಸುವುದು’. ಅಮ್ಮನ ಬಳೆ ಮಗಳ ಸರವಾಗುತ್ತದೆ, ಚಿನ್ನ ಅದೇ. ಎಷ್ಟು ಒಳ್ಳೆಯ ಮಾತು ಅಲ್ವಾ! ಆದರೆ ಬಳೆ ಉಳಿಯುವುದಿಲ್ಲ. ಡಾಲಿಯ ಹಳೆಯ ಚಿತ್ರ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ 1934ರಿಂದ ಹಾಗೇ ಇದೆ, ಹೊಸದು ಫ್ಲಾರಿಡಾದಲ್ಲಿದೆ. ನನ್ನ ಎರಡೂ ನನ್ನ ಕೋಣೆಯಲ್ಲೇ ಇವೆ.

‘ಮರು’ ಸೇರಿಸಿ ‘ಮರುಬರೆದೆ’ ಅನ್ನಬಹುದು. ಆದರೆ ಮರುಮುದ್ರಣದಲ್ಲಿ ಏನೂ ಬದಲಾಗುವುದಿಲ್ಲ. ಮರುಓದಿನಲ್ಲಿ ಪುಸ್ತಕ ಅದೇ, ಓದುವವರು ಬೇರೆ. ಈ ಎರಡನೆಯ ‘ಮರು’ ನನಗೆ ಹತ್ತಿರ. ಬೆಲ್ಜಿಯಂನ ಅತಿವಾಸ್ತವವಾದಿ ಚಿತ್ರಕಾರ ರೆನೆ ಮಗ್ರಿಟ್ 1929ರ ತಮ್ಮ ಪೈಪಿನ (ಹೊಗೆಸೊಪ್ಪು ಸೇದುವ ಪೈಪ್) ಚಿತ್ರಕ್ಕೆ 1966ರಲ್ಲಿ ಮರಳಿದಾಗ ಹೀಗೇ ಮಾಡಿದರು. ಹಳೆಯ ಚಿತ್ರವನ್ನು ಈಸಲ್ ಮೇಲೆ ನಿಲ್ಲಿಸಿದ ಹಾಗೆ ಬರೆದು, ಅದರ ಮೇಲ್ಗಡೆ ಗಾಳಿಯಲ್ಲಿ ಇನ್ನೊಂದು ದೊಡ್ಡ ಪೈಪ್ ತೇಲಿಸಿದರು. ಆದರೂ ‘ಮರುಬರೆದೆ’ ಎಂದು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನನಗೆ ಹೇಳುವ ಮಾತೇ ಬೇಕು.

ಕೊನೆಗೆ ‘ತಿದ್ದು’ ಉಳಿಯಿತು. ಮೊದಲು ಇದನ್ನು ದೂರ ಇಟ್ಟಿದ್ದೆ. ತಿದ್ದುವುದು ಎಂದರೆ ತಪ್ಪು ಇರಬೇಕು, ನನ್ನ ಹಳೆಯ ಚಿತ್ರದಲ್ಲಿ ತಪ್ಪಿಲ್ಲ. ಇಪ್ಪತ್ತೈದರ ಹುಡುಗಿಗೆ ಕಂಡದ್ದು ಅದು. ಆಮೇಲೆ ಅಕ್ಷರ ತಿದ್ದುವುದು ನೆನಪಾಯಿತು. ಸ್ಲೇಟಿನ ಮೇಲೆ ಅಜ್ಜಿ ‘ಅ’ ಬರೆದುಕೊಡುತ್ತಿದ್ದರು, ನಾನು ಅದರ ಮೇಲೇ ಬಳಪ ಓಡಿಸುತ್ತಿದ್ದೆ, ಗೆರೆ ದಪ್ಪವಾಗುವವರೆಗೆ. ಅಲ್ಲಿ ತಪ್ಪು ಯಾರದೂ ಅಲ್ಲ. ಹಣೆಗೆ ಕುಂಕುಮ ತಿದ್ದಿಕೊಳ್ಳುವಾಗಲೂ ಹಾಗೇ. ಒಂದು ಗೆರೆಯ ಮೇಲೆ ಕೈ ಮತ್ತೆ ಹೋಗುವುದು, ಅಷ್ಟೇ. ನಾನು ಮಾಡಿದ್ದು ಇದೇ ಎಂದು ಈಗ ಅನ್ನಿಸುತ್ತಿದೆ.

ತೊಡಕು ವಿಭಕ್ತಿಯಲ್ಲಿದೆ. ‘ಚಿತ್ರವನ್ನು ತಿದ್ದಿದೆ’ ಎಂದರೆ ತಪ್ಪು ಸರಿಮಾಡಿದ ಹಾಗೆ ಕೇಳಿಸುತ್ತದೆ. ‘ಚಿತ್ರದ ಮೇಲೆ ತಿದ್ದಿದೆ’ ಎಂದರೆ ಹಳೆಯ ಕ್ಯಾನ್ವಾಸಿಗೇ ಬಣ್ಣ ಬಳಿದ ಹಾಗಾಗುತ್ತದೆ. ‘ಮತ್ತೆ ತಿದ್ದಿದ ಚಿತ್ರ’ ಎಂದರೆ ಹೇಗೆ?

ಇನ್ನೊಂದು ವಿಷಯ. ನಾನು ಮೈಸೂರು ಕಡೆಯವಳು. ಧಾರವಾಡ, ಕಲಬುರಗಿ, ಮಂಗಳೂರು ಕಡೆ ಮಕ್ಕಳು ಅಕ್ಷರ ‘ತಿದ್ದುತ್ತಾರೆ’ ಅಂತಲೇ ಹೇಳುತ್ತೀರಾ, ‘ತೀಡುತ್ತಾರೆ’ ಅನ್ನುತ್ತೀರಾ, ಬೇರೆ ಮಾತಿದೆಯಾ? ‘ಮತ್ತೆ ತಿದ್ದಿದ ಚಿತ್ರ’ ಎಂದು ಓದಿದಾಗ ನಿಮ್ಮ ಮನಸ್ಸಿಗೆ ಮೊದಲು ಬರುವುದು ಕೆಂಪು ಶಾಯಿಯೋ, ಬಳಪವೋ?